ಕಿವಿಗೆ ಬಿದ್ದ ಸೂತಕ

ಅಂಬತ್ತೂರಿನಲ್ಲಿ ಮನೆ ಮಾಡಿಕೊಂಡವರು ತ್ರಿಪ್ಲಿಕೇನಿಗೆ ಪ್ರವಾಸ ಹೊರಡುತ್ತಾರೆಂದರೆ ಕೇಳಿದವರು ನಗುವುದು ಸಹಜ. ಕೆಳಗಿನ ಮನೆಯ ರಮಾಬಾಯಿ ನಕ್ಕೇಬಿಟ್ಟಿದ್ದರು. ಇರುವುದು ಒಂದೇ ಊರು, ರೈಲು ಹತ್ತಿದರೆ ಒಂದು ಗಂಟೆಯೂ ಹಿಡಿಯದ ದಾರಿ, ಅದಕ್ಕೆ ಲಾಡ್ಜಿನಲ್ಲಿ ರೂಮು ಬೇರೆ ಯಾಕೆ ಎಂದು ಕೇಳಿದ್ದರು. ಬೃಂದಾ ತಾನೂ ನಕ್ಕು ಮಾತು ತೇಲಿಸಿದ್ದಳು. ಈ ಎರಡು ದಿನಗಳನ್ನು ಎಷ್ಟು ಜತನದಿಂದ ಹೊಂದಿಸಿದ್ದಾಳೆಂದು ವಿವರಿಸಲು ಹೋಗಿದ್ದರೆ ಅವರು ಇನ್ನಷ್ಟು ನಗುತ್ತಿದ್ದರು.

ದೂರದ ಊರುಗಳ ಆಸೆ ಅವಳಿಗೆ ತೀರಿಹೋಗಿತ್ತು. ಮಹಾಬಲಿಪುರಕ್ಕೆ ಹೊರಡಬೇಕಾಗಿದ್ದ ದಿನ ಗಂಡ ಪ್ರತಾಪನ ಕಾರ್ಖಾನೆಯಲ್ಲಿ ದೊಡ್ಡ ಪ್ರೆಸ್ಸು ಕೆಟ್ಟು ನಿಂತಿತ್ತು. ಪಾಂಡಿಚೇರಿಗೆ ಹೊರಟಾಗ ಪುಣೆಯಿಂದ ಯಾರೋ ತಪಾಸಣೆಗೆ ಬಂದಿದ್ದರು. ವಂಡಲೂರಿನ ಮೃಗಾಲಯಕ್ಕಂತೂ ಪುಳಿಯೋಗರೆ ಕಟ್ಟಿಕೊಂಡು, ಮಕ್ಕಳ ಕಾಲಿಗೆ ಬೂಟು ತೊಡಿಸಿ, ಬಾಗಿಲಿಗೆ ಬೀಗ ಹಾಕುತ್ತಿರುವಾಗಲೇ ಕಾರ್ಖಾನೆಯ ಜೀಪು ಬಂದು ಮನೆ ಮುಂದೆ ನಿಂತಿತ್ತು. ಆ ಪುಳಿಯೋಗರೆಯನ್ನು ಅವರು ಅಡಿಗೆಮನೆಯ ನೆಲದ ಮೇಲೆ ಕೂತು ತಿಂದಿದ್ದರು. ಮೂರು ವರ್ಷದ ಮಗಳು ಮೌನ ಹೆಸರಿಗೆ ತಕ್ಕಂತೆ ಒಂದು ದಿನವೂ ಬಾಯಿ ಮುಚ್ಚಿದವಳಲ್ಲ. ಅವಳು ಅತ್ತು ರಂಪ ಮಾಡಿ ಮರೆತಳು. ಆರು ವರ್ಷದ ಧನುಷ್ ಅಳಲಿಲ್ಲ. ಬೂಟು ಬಿಚ್ಚಿ ಜಾಗದಲ್ಲಿಟ್ಟು, ಕೈತೊಳೆದುಕೊಂಡು ಬಂದು ಊಟಕ್ಕೆ ಕೂತ.

ದಸರೆ ರಜೆ ಮುಗಿದ ಮೇಲೆ ಶಾಲೆಯ ಟೀಚರು ಬೃಂದಾಳನ್ನು ನಿಲ್ಲಿಸಿ ಮಗನನ್ನು ಹೊಗಳಿದರು. ರಜೆಯಲ್ಲಿ ಏನೇನು ನೋಡಿದಿರಿ ಎಂದು ಕೇಳಿದಾಗ ಧನುಷ್ ವಂಡಲೂರಿನ ಬಿಳಿ ಹುಲಿಯನ್ನು ಎಷ್ಟು ಚೆನ್ನಾಗಿ ವರ್ಣಿಸಿದನಂತೆ: ಅದು ಆಕಳಿಸಿದ್ದು, ಅದರ ನಾಲಗೆಯ ಬಣ್ಣ, ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು. ಬೃಂದಾ ಸುಮ್ಮನೆ ತಲೆಯಾಡಿಸಿ ಬಂದಳು. ದಾರಿಯಲ್ಲಿ ಕೇಳಿದಾಗ ಹುಡುಗನಲ್ಲಿ ಅಳುಕೇ ಇರಲಿಲ್ಲ. ಮನೆಯಲ್ಲಿ ಕನ್ನಡ ಅರ್ಥವಾದರೂ ಅವನ ಬಾಯಿಗೆ ಬರುತ್ತಿದ್ದುದು ತಮಿಳೇ.

“ನೀ ದಾನೇ ಸೊನ್ನೆ, ಪೋಲಾಮ್ನು,” ಎಂದ. ಹೋಗೋಣ ಎಂದು ನೀನೇ ತಾನೇ ಹೇಳಿದ್ದು, ಎಂದು.

ಅವಳಿಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಮದುವೆಗೆ ಮುಂಚೆ ಮೈಸೂರಿನಲ್ಲಿ ಅವಳು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಕಣ್ಣಾರೆ ಕಾಣದ ಅಂಕಿಯನ್ನು ಬರೆಯಕೂಡದು ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಮಗ ಸುಳ್ಳು ಹೇಳಿದ್ದರೆ ತಿದ್ದಬಹುದಿತ್ತು. ಆದರೆ ಅವನು ಸುಳ್ಳು ಹೇಳಿರಲಿಲ್ಲ. ಮಾತು ಬೇರೆ, ನಡೆಯುವುದು ಬೇರೆ, ಎರಡಕ್ಕೂ ಸಂಬಂಧ ಬೇಕಿಲ್ಲ ಎಂಬುದನ್ನು ಈ ಮನೆಯಲ್ಲೇ ನೋಡಿ ಕಲಿತುಕೊಂಡಿದ್ದ. ಆಡಿದ ಒಂದು ಮಾತಾದರೂ ಆಡಿದ ಹಾಗೇ ನಡೆಯುವುದನ್ನು ಇವನಿಗೆ ತೋರಿಸದಿದ್ದರೆ ಇವನು ಹೀಗೇ ಬೆಳೆದುಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತು.

ಅದಕ್ಕೇ ಕೆಡಲು ಸಾಧ್ಯವಿಲ್ಲದಂಥ ಪ್ರವಾಸವೊಂದನ್ನು ಅವಳು ಯೋಚಿಸಿದ್ದು. ಊರು ಬಿಡುವ ಹಾಗಿಲ್ಲ, ಟಿಕೇಟಿನ ಗೋಜಿಲ್ಲ. ಶುಕ್ರವಾರ ಪ್ರತಾಪನಿಗೆ ಮೊದಲ ಪಾಳಿ, ಸಂಜೆ ಹೊರಟರಾಯಿತು. ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ನಡುವೆ ಮಕ್ಕಳಿಗೆ ನಿದ್ದೆ. ಶನಿವಾರ ಬೆಳಗ್ಗೆ ಪಾರ್ಥಸಾರಥಿ ದೇವಸ್ಥಾನ, ಸಂಜೆ ಬೀಚು. ಭಾನುವಾರ ಗಿಂಡಿಯ ಉದ್ಯಾನದಲ್ಲಿ ಹಾವು, ಜಿಂಕೆ. ಅವಸರವಿಲ್ಲ, ಓಡಾಟವಿಲ್ಲ. ಉಳಿಯುವುದಕ್ಕೆ ತ್ರಿಪ್ಲಿಕೇನಿನ ಮೋನಪ್ಪನವರ ಲಾಡ್ಜು. ಮದುವೆಗೆ ಮುಂಚೆ ಪ್ರತಾಪ ಮೂರು ವರ್ಷ ಇದ್ದದ್ದು ಅಲ್ಲೇ. ಉಡುಪಿ ಕಡೆಯ ಮೋನಪ್ಪ ಕೆಳಗೆ ಹೋಟೆಲು, ಮೇಲೆ ಕೋಣೆಗಳನ್ನು ನಡೆಸುತ್ತಿದ್ದರು. ಮಗುವಿಗೆ ಬಿಸಿನೀರು, ಖಾರವಿಲ್ಲದ ಅನ್ನ, ಹಾಲು ಎಲ್ಲ ಕೂಗಿದರೆ ಬರುತ್ತದೆ ಎಂದು ಪ್ರತಾಪನೇ ಉಮೇದಿನಿಂದ ಒಪ್ಪಿದ್ದ. ಧನುಷ್‌ಗೆ ಹೇಳಿದಾಗ ಅವನು “ಸರಿ” ಎಂದಷ್ಟೇ ಅಂದು ಬಣ್ಣದ ಪೆನ್ಸಿಲು ಚೂಪು ಮಾಡುವುದನ್ನು ಮುಂದುವರಿಸಿದ್ದ.

ಶುಕ್ರವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಬೃಂದಾ ಮಕ್ಕಳ ಬಟ್ಟೆ ಮಡಿಸುತ್ತಿದ್ದಾಗ ಫೋನು ಬಂತು. ಮದ್ದೂರಿನ ಹತ್ತಿರದ ಹಳ್ಳಿಯಿಂದ ಅತ್ತೆ ಸಾಕಮ್ಮ. ಪಕ್ಕದ ಮನೆಯ ಫೋನಿನಿಂದ ಮಾತಾಡುತ್ತಿದ್ದರು. ಹಿಂದೆ ಹೆಂಗಸರು ಅಳುವುದು ಕೇಳುತ್ತಿತ್ತು.

“ಶಿವರಾಮು ಹೋಗ್ಬುಟ್ಟ ಕಣವ್ವ. ಪ್ರತಾಪನ್ಗೆ ಹೇಳ್ಬುಡು.”

ಬೃಂದಾ “ಅಯ್ಯೋ ಅತ್ತೆ” ಎಂದಳು. ಯಾವಾಗ ಎಂದು ಕೇಳಿದಳು. ಬೆಳಗಿನ ಜಾವ, ನಿದ್ದೆಯಲ್ಲೇ ಎಂದರು ಸಾಕಮ್ಮ. ಇನ್ನೊಮ್ಮೆ “ಹೇಳ್ಬುಡವ್ವ” ಎಂದು ಫೋನಿಟ್ಟರು.

ಶಿವರಾಮು ಪ್ರತಾಪನ ಚಿಕ್ಕಪ್ಪ. ಪ್ರತಾಪನ ತಂದೆ ಅಂದಾನಿ ತೀರಿಕೊಂಡಾಗ ಹುಡುಗನಿಗೆ ಹತ್ತು ವರ್ಷ. ಆಮೇಲೆ ಓದಿಸಿದ್ದು, ಸೈಕಲ್ಲು ಕೊಡಿಸಿದ್ದು, ಹಾಸ್ಟೆಲ್ಲಿಗೆ ಬಿಟ್ಟುಬಂದದ್ದು ಎಲ್ಲ ಶಿವರಾಮು. ಅವರಿಗೆ ಮಕ್ಕಳಿರಲಿಲ್ಲ. ಎರಡು ವರ್ಷದಿಂದ ಉಬ್ಬಸದಿಂದ ನರಳುತ್ತಿದ್ದರು. ಬೃಂದಾ ಅವರನ್ನು ಕಂಡದ್ದು ಐದಾರು ಸಲ. ಹೆಚ್ಚು ಮಾತಿನವರಲ್ಲ, ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಣ್ಣುವವರು ಎಂಬುದಷ್ಟೇ ಅವಳ ನೆನಪು.

ಕಾರ್ಖಾನೆಗೆ ಫೋನು ಮಾಡಲೆಂದು ಅವಳು ರಿಸೀವರನ್ನು ಎತ್ತಿದಳು. ಮಂಚದ ಮೇಲೆ ಧನುಷ್‌ನ ಹೊಸ ಚಡ್ಡಿ, ಮೌನಳ ಟೋಪಿ, ಮರಳಿನಲ್ಲಿ ಆಡುವ ಕೆಂಪು ಬಕೆಟ್ಟು ಇದ್ದವು. ರಿಸೀವರನ್ನು ಮತ್ತೆ ಕೆಳಗಿಟ್ಟಳು.

ಮೊದಲು ಅವಳು ಲೆಕ್ಕ ಹಾಕಿದಳು. ಸತ್ತದ್ದು ಬೆಳಗಿನ ಜಾವ; ಸಂಜೆ ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡುತ್ತಾರೆ. ಪ್ರತಾಪ ಈ ಗಳಿಗೆಯಲ್ಲಿ ಹೊರಟರೂ ಅಲ್ಲಿಗೆ ಮುಟ್ಟುವುದು ನಡುರಾತ್ರಿ. ಮುಖ ಸಿಗುವುದಿಲ್ಲ. ಮುಖ ಸಿಗದ ಮೇಲೆ ಇಂದು ಹೋದರೇನು, ಭಾನುವಾರ ರಾತ್ರಿ ಹೋದರೇನು? ತಿಥಿಗೆ ಹೇಗೂ ಇದ್ದೇ ಇರುತ್ತಾನೆ. ಸತ್ತವರಿಗೆ ವ್ಯತ್ಯಾಸವಿಲ್ಲ, ಇರುವ ಹುಡುಗನಿಗೆ ಇದೆ.

ಆಮೇಲೆ ಅವಳಿಗೆ ಸೂತಕದ ನೆನಪಾಯಿತು. ಮದುವೆಯಾದ ಹೊಸದರಲ್ಲಿ ದಾಯಾದಿಯೊಬ್ಬರು ಸತ್ತ ಸುದ್ದಿ ಒಂದು ತಿಂಗಳು ತಡವಾಗಿ ಬಂದಾಗ ಸಾಕಮ್ಮ ಎಲ್ಲರಿಗೂ ತಲೆಗೆ ನೀರು ಹಾಕಿಸಿ ಅಷ್ಟಕ್ಕೇ ಮುಗಿಸಿದ್ದರು. ಈ ತಿಂಗಳಿಡೀ ನಾವು ಹಬ್ಬ ಮಾಡಿದೆವಲ್ಲ ಅತ್ತೆ ಎಂದು ಬೃಂದಾ ಕೇಳಿದಾಗ, ಸೂತಕ ಹತ್ತುವುದು ಕಿವಿಗೆ ಬಿದ್ದ ಮೇಲೆ, ಅಲ್ಲೀಗಂಟ ಏನೂ ಇಲ್ಲ ಎಂದಿದ್ದರು. ಆಗ ಬೃಂದಾಗೆ ಅದು ಕುತೂಹಲವೆನಿಸಿತ್ತು: ಸಾವು ಕೂಡ ಯಾರಾದರೂ ಅರಿಯುವ ತನಕ ಕಾದಿರುತ್ತದೆ. ಈಗ ಆ ನಿಯಮ ಕೈಗೆ ಸಿಕ್ಕ ಬೀಗದಂತೆ ಕಂಡಿತು. ತನ್ನ ಕಿವಿಗೆ ಬಿದ್ದಿದೆ, ತನಗೆ ಹತ್ತಿದೆ. ಅವನ ಕಿವಿಗೆ ಬೀಳುವ ತನಕ ಅವನೂ ಮಕ್ಕಳೂ ಶುದ್ಧ. ಅದರಲ್ಲಿ ಅವಳಿಗೆ ನಂಬಿಕೆಯೇನೂ ಇರಲಿಲ್ಲ. ಆದರೂ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು.

ಇನ್ನೊಂದನ್ನೂ ಅವಳು ತನಗೆ ತಾನೇ ಹೇಳಿಕೊಂಡಳು. ಅತ್ತೆ ‘ಹೇಳು’ ಎಂದರು, ‘ಕಳಿಸು’ ಎನ್ನಲಿಲ್ಲ. ಯಾವಾಗ ಹೇಳಬೇಕೆಂದೂ ಅನ್ನಲಿಲ್ಲ.

ಸಂಜೆ ಪ್ರತಾಪ ನಗುನಗುತ್ತಲೇ ಬಂದ. ಹೆಂಡತಿಯ ಒದ್ದೆ ಕೂದಲು ನೋಡಿ, ಏನು ಮಹಾರಾಣಿಯವರು ಅಭ್ಯಂಜನ ಮಾಡಿದ ಹಾಗಿದೆ ಎಂದು ಛೇಡಿಸಿದ. ಹತ್ತು ನಿಮಿಷದಲ್ಲಿ ಅವರು ಮನೆಗೆ ಬೀಗ ಹಾಕಿದರು. ಮೆಟ್ಟಿಲಿಳಿಯುವಾಗ ಧನುಷ್ ಬೀದಿಯ ಎರಡೂ ತುದಿಗಳನ್ನು ನೋಡಿದ. ಯಾವ ಜೀಪೂ ಇರಲಿಲ್ಲ. ಅಂಬತ್ತೂರಿನ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಾಗಲೂ ಅವನ ಮುಖ ಬಿಗಿದೇ ಇತ್ತು. ರೈಲು ಹೊರಟು ಎರಡು ನಿಲ್ದಾಣ ದಾಟಿದ ಮೇಲೆ, ಯಾರೂ ಇಳಿಸುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ, ಅವನು ಕಿಟಕಿಯ ಸರಳಿಗೆ ಹಣೆಯೊತ್ತಿ ತಂಗಿಗೆ ಸೇತುವೆ, ಎಮ್ಮೆ, ಸಿಗ್ನಲ್ಲು ಎಂದು ತೋರಿಸತೊಡಗಿದ. ಬೃಂದಾ ಅದನ್ನು ನೋಡುತ್ತ ಕೂತಳು. ಇದಕ್ಕಾಗಿಯೇ ಎಂದುಕೊಂಡಳು. ಎದುರಿಗೆ ಗಂಡ ಕಾಲು ಚಾಚಿ ಕಣ್ಣು ಮುಚ್ಚಿದ್ದ. ಆ ಮುಖದಲ್ಲಿ ಇಷ್ಟು ನೆಮ್ಮದಿಯನ್ನು ಕಂಡು ಎಷ್ಟು ಕಾಲವಾಯಿತು ಎಂದು ಯೋಚಿಸುತ್ತಲೇ, ಆ ನೆಮ್ಮದಿ ತನ್ನ ಕೈಯ ಕಳವು ಎನ್ನಿಸಿ ಅವಳು ಹೊರಗೆ ನೋಡಿದಳು.

ಮೋನಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಪ್ರತಾಪನಿಗೆ ಹೊಟ್ಟೆ ಬಂದದ್ದನ್ನು ಎರಡು ಸಲ ಆಡಿಕೊಂಡರು, ಮಕ್ಕಳಿಗೆ ಬಾದಾಮಿ ಹಾಲು ತರಿಸಿದರು. ಕೋಣೆಯಲ್ಲಿ ಹೊಸ ಬಿಳಿ ಹಾಸು ಹಾಕಿತ್ತು. ಮೌನ ಮಂಚದ ಮೇಲೆ ಕುಣಿದಳು.

ಶನಿವಾರ ಬೆಳಗ್ಗೆ ದೇವಸ್ಥಾನದ ಬಾಗಿಲಲ್ಲಿ ಬೃಂದಾ ನಿಂತಳು. ತಾನು ಒಳಗೆ ಬರುವ ಹಾಗಿಲ್ಲ, ಹೊರಗಾಗಿದ್ದೇನೆ ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಅವನು ಒಂದು ಗಳಿಗೆ ಅವಳ ಮುಖ ನೋಡಿ, ಸರಿ ಎಂದು ಮಕ್ಕಳ ಕೈಹಿಡಿದು ಹೋದ. ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ನಂಬದಿದ್ದರೆ ಒಳಗೆ ಹೋಗಬಹುದಿತ್ತು. ನಂಬುವುದಾದರೆ ಇಲ್ಲಿಗೆ ಬರಲೇಬಾರದಿತ್ತು. ಎರಡೂ ಆಗದೆ ಹೂವಿನವಳ ಬುಟ್ಟಿಯನ್ನು ನೋಡುತ್ತ ನಿಂತಳು.

ಧನುಷ್ ಓಡುತ್ತ ಹೊರಬಂದ. ಒಂದು ಕೈಯಲ್ಲಿ ದೊನ್ನೆಯಲ್ಲಿ ಸಕ್ಕರೆ ಪೊಂಗಲು, ಇನ್ನೊಂದರ ಮುಷ್ಟಿಯಲ್ಲಿ ಕುಂಕುಮ. ಅಮ್ಮನಿಗೆಂದೇ ತಂದಿದ್ದ. ಅವಳ ಹಣೆಗೆ ಇಡಲು ತುದಿಗಾಲಲ್ಲಿ ನಿಂತ. ಬೃಂದಾ ತನಗೇ ತಿಳಿಯದೇ ಹಿಂದೆ ಸರಿದಳು. ಹುಡುಗನ ಬೆರಳು ಗಾಳಿಯಲ್ಲಿ ನಿಂತಿತು. ಆಮೇಲೆ ಹಾಕಿಕೊಳ್ಳುತ್ತೇನೆ ಕಂದ ಎಂದು ಅವಳು ಕುಂಕುಮವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಪೊಂಗಲನ್ನು ಮೌನಳ ಬಾಯಿಗೆ ಹಾಕಿದಳು.

ಮಧ್ಯಾಹ್ನ ಊಟವಾಗಿ ಮಕ್ಕಳು ಮಲಗಿದವು. ಪ್ರತಾಪನೂ ಮಂಪರಿನಲ್ಲಿದ್ದ. ಆಗ ಲಾಡ್ಜಿನ ಮಾಣಿ ಬಾಗಿಲು ತಟ್ಟಿ, ಸಾರ್‌ಗೆ ಫೋನು ಎಂದ. ಇಲ್ಲಿ ಇರುವುದು ಯಾರಿಗೂ ಗೊತ್ತಿಲ್ಲವಲ್ಲ ಎಂದುಕೊಳ್ಳುತ್ತ ಪ್ರತಾಪ ಲುಂಗಿ ಬಿಗಿದುಕೊಂಡು ಇಳಿದ. ಬೃಂದಾ ಹಿಂದೆಯೇ ಇಳಿದಳು. ಅರ್ಧ ಮೆಟ್ಟಿಲಲ್ಲೇ ಅವಳಿಗೆ ಹೊಳೆಯಿತು: ಬ್ರಹ್ಮಚಾರಿಯಾಗಿದ್ದಾಗ ಇವನಿಗೆ ಊರಿನಿಂದ ಫೋನು ಬರುತ್ತಿದ್ದುದು ಇದೇ ಗಲ್ಲಾಕ್ಕೆ. ಆ ನಂಬರು ಅವರ ಹತ್ತಿರ ಇದ್ದೇ ಇರುತ್ತದೆ.

ಮೋನಪ್ಪ ರಿಸೀವರನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದರು. “ನಿಮ್ಮ ತಾಯಿ ಮಾರಾಯ್ರೆ. ಮನೆಗೆ ಮಾಡಿದ್ರೆ ಯಾರೂ ತೆಗೀಲಿಲ್ಲವಂತೆ. ನೀವು ಹೊರಟಿದ್ದೀರೋ ಇಲ್ಲವೋ ಅಂತ ಕೇಳ್ತಿದ್ದಾರೆ,” ಎಂದರು.

ಪ್ರತಾಪ ರಿಸೀವರು ತೆಗೆದುಕೊಂಡ. ಅವನು ಆಡಿದ್ದು ಕೆಲವೇ ಮಾತು. ಯಾವಾಗ ಎಂದ. ನಿನ್ನೆಯಾ ಎಂದ. ಮುಂದಿನದೆಲ್ಲವನ್ನೂ ಕೇಳಿಸಿಕೊಂಡ. ಯಾರಿಗೆ ಹೇಳಿದಿರಿ ಎಂದು ಕೇಳಿದ. ಉತ್ತರ ಬಂದ ಮೇಲೆ ನಿಧಾನವಾಗಿ ತಿರುಗಿ ಮೆಟ್ಟಿಲ ಬಳಿ ನಿಂತಿದ್ದ ಹೆಂಡತಿಯನ್ನು ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಅರ್ಥವಾಗದ ಬರಹವನ್ನು ಓದಲು ನೋಡುವವನ ಹಾಗೆ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿದ.

“ಹೂಂ ಕಣವ್ವ. ಹೇಳಿದ್ಲು. ನಿನ್ನೇನೇ ಹೇಳಿದ್ಲು,” ಎಂದ. “ನಂಗೇ ರಜ ಸಿಗ್ಲಿಲ್ಲ. ಇನ್ನು ಇಟ್ಕೋಬ್ಯಾಡಿ. ಕಿಟ್ಟು ಕೈಲೇ ಮಣ್ಣು ಹಾಕ್ಸ್ಬುಡಿ.”

ರಿಸೀವರು ಇಟ್ಟ ಮೇಲೂ ಅವನ ಕೈ ಅದರ ಮೇಲೇ ಇತ್ತು. ಮೋನಪ್ಪ ಕುರ್ಚಿ ಎಳೆದು ಕೊಟ್ಟರು. ಅವನು ಕೂರಲಿಲ್ಲ.

ಕೋಣೆಯಲ್ಲಿ ಮಕ್ಕಳು ಮಲಗಿದ್ದವು. ಇಬ್ಬರೂ ಕಿಟಕಿಯ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಮಾತಾಡಿದರು. ಬೃಂದಾ ಎಲ್ಲವನ್ನೂ ಹೇಳಿದಳು: ಮಗನ ಬಿಳಿ ಹುಲಿ, ಬಸ್ಸಿನ ಲೆಕ್ಕ, ಸಂಜೆಯೊಳಗೆ ಮಣ್ಣಾಗುತ್ತದೆ ಎಂದುಕೊಂಡದ್ದು, ಭಾನುವಾರ ರಾತ್ರಿ ಹೇಳಬೇಕೆಂದಿದ್ದದ್ದು. ಹೇಳುತ್ತ ಹೋದಂತೆ, ತನ್ನೊಳಗೆ ಅಷ್ಟು ಗಟ್ಟಿಯಾಗಿದ್ದ ಲೆಕ್ಕ ಹೊರಗೆ ಬಂದೊಡನೆ ಪುಡಿಯಾಗುತ್ತಿರುವುದು ಅವಳಿಗೇ ಕೇಳಿಸುತ್ತಿತ್ತು.

ಪ್ರತಾಪ ಕೇಳಿದ, “ಅವ್ವ ಏನಂದ್ರು? ಅಂದಿದ್ದನ್ನ ಅಂದಂಗೆ ಹೇಳು.”

“ಶಿವರಾಮು ಹೋಗ್ಬುಟ್ಟ, ಪ್ರತಾಪನ್ಗೆ ಹೇಳ್ಬುಡು ಅಂದ್ರು. ಬರ್ಬೇಕು ಅಂತ ಅನ್ಲಿಲ್ಲ, ರೀ.”

“ಸಾವಿಗೆ ಯಾರಾದ್ರೂ ಬಾ ಅಂತ ಕರೀತಾರಾ ಬೃಂದಾ?”

ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಮದುವೆಗೆ ಕರೆಯುತ್ತಾರೆ, ನಾಮಕರಣಕ್ಕೆ ಕರೆಯುತ್ತಾರೆ. ಸಾವನ್ನು ಹೇಳುತ್ತಾರೆ, ಅಷ್ಟೆ. ಹೇಳುವುದೇ ಕರೆ. ಮೈಸೂರಿನ ತನ್ನ ತವರಿನಲ್ಲೂ ಹಾಗೇ. ನಿನ್ನೆ ಅವಳು ಆ ಮಾತನ್ನು ನಿಘಂಟಿನಲ್ಲಿ ಹುಡುಕುವವಳ ಹಾಗೆ ಬಿಡಿಸಿ ನೋಡಿದ್ದು, ಬೇಕಾದ ಅರ್ಥ ಸಿಗಲಿ ಎಂದೇ.

ಪ್ರತಾಪನೇ ಮುಂದೆ ಹೇಳಿದ. ಚಿಕ್ಕಪ್ಪನಿಗೆ ಮಕ್ಕಳಿಲ್ಲದ್ದರಿಂದ ಗುಂಡಿಗೆ ಮೊದಲ ಮಣ್ಣು ಹಾಕಬೇಕಾದವನು ತಾನು, ದಾಯಾದಿ ಕಿಟ್ಟು ಅಲ್ಲ. ಹಾಸ್ಟೆಲ್ಲಿಗೆ ಸೇರಿಸಿ ಬಂದ ದಿನ, ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ, ನಿನ್ನ ಓದು ನನ್ನದು, ನನ್ನ ಮಣ್ಣು ನಿನ್ನದು ಎಂದು ಅವರು ನಗುತ್ತ ಹೇಳಿದ್ದರಂತೆ. ಅದಕ್ಕೇ ನಿನ್ನೆ ಸಂಜೆ ಮಣ್ಣು ಮಾಡಲಿಲ್ಲ. ಪ್ರತಾಪ ಬೆಳಗಾಗುವುದರೊಳಗೆ ಬಂದೇ ಬರುತ್ತಾನೆಂದು ಐಸು ತರಿಸಿ, ಹೆಣವನ್ನು ಜಗುಲಿಯ ಮೇಲಿಟ್ಟು ರಾತ್ರಿಯೆಲ್ಲ ಕಾದರು. ಬೆಳಗ್ಗೆ ಮನೆಗೆ ಫೋನು ಮಾಡಿದಾಗ ಯಾರೂ ಎತ್ತಲಿಲ್ಲ. ಎಲ್ಲರೂ ಕೂಡಿ ಹೊರಟಿದ್ದಾರೆಂದು ಇನ್ನೂ ಕಾದರು. ಬಂದ ಪ್ರತಿ ಬಸ್ಸಿಗೂ ಯಾರೋ ಒಬ್ಬರು ರಸ್ತೆಗೆ ಹೋಗಿ ನಿಲ್ಲುತ್ತಿದ್ದರಂತೆ.

ನನ್ನ ಮೇಲೆ ಹಾಕಬೇಕಿತ್ತು, ನೀವ್ಯಾಕೆ ರಜ ಸಿಗಲಿಲ್ಲ ಅಂದಿರಿ ಎಂದು ಬೃಂದಾ ಕೇಳಿದಳು.

“ನೀನು ನಾಳೆ ಆ ಊರಿಗೆ ಹೋಗ್ಬೇಕಾದವ್ಳು,” ಎಂದ ಪ್ರತಾಪ. ಮಲಗಿದ್ದ ಮಕ್ಕಳ ಕಡೆ ತಿರುಗಿ, “ನಾನೂ ಹೋಗ್ಬೇಕಾದವ್ನೇ,” ಎಂದ.

ಧನುಷ್ ಎದ್ದು ಕಣ್ಣುಜ್ಜಿಕೊಂಡ. ಕೋಣೆಯ ಮೂಲೆಗೆ ಹೋಗಿ ಕೆಂಪು ಬಕೆಟ್ಟನ್ನು ತೆಗೆದುಕೊಂಡು ಬಾಗಿಲ ಬಳಿ ನಿಂತ. ಏನನ್ನೂ ಕೇಳಲಿಲ್ಲ. ಅವನು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಪ್ರತಾಪ ಅವನನ್ನೂ ಬಕೆಟ್ಟನ್ನೂ ನೋಡಿ, ಲುಂಗಿ ಬಿಚ್ಚಿ ಪ್ಯಾಂಟು ಹಾಕಿ, ಚಪ್ಪಲಿ ಮೆಟ್ಟಿಕೊಂಡು, ನಡಿ ಎಂದ.

ಬೀಚಿನಲ್ಲಿ ಜನ ಇನ್ನೂ ಸೇರಿರಲಿಲ್ಲ. ಬಿಸಿಲು ಬೆನ್ನಿಗಿತ್ತು. ಅಗಲವಾದ ಮರಳು ದಾಟಿ ನೀರಿನ ಹತ್ತಿರ ಬಂದಾಗ ಪ್ರತಾಪ ಮಕ್ಕಳ ಕೈಗಳನ್ನು ಬೃಂದಾಳ ಕೈಗೆ ಕೊಟ್ಟ. ಆಮೇಲೆ ಶರಟು, ಪ್ಯಾಂಟು, ಕೈಗಡಿಯಾರ ಯಾವುದನ್ನೂ ಬಿಚ್ಚದೆ ಹಾಗೇ ನೀರಿಗಿಳಿದ. ಸೊಂಟದ ಮಟ್ಟ ಬಂದಾಗ ನಿಂತು, ಮೂಗು ಹಿಡಿದು ಮುಳುಗಿದ. ಎದ್ದ. ಮತ್ತೆ ಮುಳುಗಿದ.

ಮಕ್ಕಳಿಗೆ ಇಂಥ ಸಂತೋಷ ಎಂದೂ ಆಗಿರಲಿಲ್ಲ. ಬಟ್ಟೆ ನೆನೆಸಿಕೊಂಡರೆ ಬಯ್ಯುವ ಅಪ್ಪ ಬಟ್ಟೆ ಸಮೇತ ಮುಳುಗುತ್ತಿದ್ದಾನೆ. ಮೌನ ಕೇಕೆ ಹಾಕಿ ನಕ್ಕಳು. ಧನುಷ್ ಅಮ್ಮನ ಕೈ ಕೊಸರಿಕೊಂಡು ಅಲೆಯ ಅಂಚಿಗೆ ಓಡಿ, ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೂಗಿದ. ಪ್ರತಾಪ ಅವರ ಕಡೆ ತಿರುಗಿ ನೋಡಿದ. ಮುಖದ ಮೇಲೆ ನೀರು ಇಳಿಯುತ್ತಿತ್ತು. ಮಗ ಕೇಳಿದ ಕಾರಣಕ್ಕೋ, ಲೆಕ್ಕಕ್ಕೆ ಬೇಕಾಗಿತ್ತೋ, ಮೂರನೆಯ ಸಲ ಮುಳುಗಿದ.

ದಡಕ್ಕೆ ಬಂದವನು ಬಗ್ಗಿ ಒದ್ದೆ ಮರಳನ್ನು ಹಿಡಿ ತುಂಬ ತೆಗೆದುಕೊಂಡ. ಪಡುವಣಕ್ಕೆ ತಿರುಗಿದ. ಅಲ್ಲಿ ಕಟ್ಟಡಗಳು, ವಾಹನಗಳು, ಅವುಗಳ ಹಿಂದೆ ಕೆಳಗಿಳಿಯುತ್ತಿದ್ದ ಸೂರ್ಯ. ಮರಳನ್ನು ನೆಲಕ್ಕೆ ಹಾಕಿದ. ಇನ್ನೊಂದು ಹಿಡಿ ತೆಗೆದುಕೊಂಡು ಹಾಕಿದ. ಇದೂ ಆಟವೇ ಇರಬೇಕೆಂದು ಧನುಷ್ ಪಕ್ಕದಲ್ಲಿ ನಿಂತು ಬಕೆಟ್ಟಿನಿಂದ ಮರಳು ಸುರಿದ. ಮೌನ ಅಂಗೈಯಲ್ಲಿ ಹಿಡಿಸಿದಷ್ಟನ್ನು ತಂದು ಹಾಕಿದಳು. ನೋಡುನೋಡುತ್ತ ಅಪ್ಪನ ಕಾಲ ಬಳಿ ಒಂದು ಸಣ್ಣ ದಿಬ್ಬವೇ ಆಯಿತು. ಪ್ರತಾಪ ಬೇಡ ಎನ್ನಲಿಲ್ಲ. ಬೃಂದಾ ಹತ್ತಿರ ಹೋಗಲೂ ಆಗದೆ ಆ ಕಡೆ ನೋಡದಿರಲೂ ಆಗದೆ ಮಕ್ಕಳ ಚಪ್ಪಲಿ ಹಿಡಿದು ನಿಂತಿದ್ದಳು.

ಪ್ರತಾಪ ಅದೇ ಸಂಜೆ ಊರಿಗೆ ಹೊರಟ. ಬ್ರಾಡ್‌ವೇ ಬಸ್ ನಿಲ್ದಾಣಕ್ಕೆ ಎಲ್ಲರೂ ಆಟೋದಲ್ಲಿ ಬಂದರು. ನಾವೂ ಬರುತ್ತೇವೆ ಎಂದು ಬೃಂದಾ ಎರಡು ಸಲ ಹೇಳಿದಳು. ಅವನು ಬೇಡವೆಂದ. ಮಕ್ಕಳಿಗೆ ನಾಳೆ ಗಿಂಡಿ ಎಂದಿದೆಯಲ್ಲ, ತೋರಿಸಿಕೊಂಡೇ ಮನೆಗೆ ಹೋಗಿ, ತಿಥಿಯ ಹೊತ್ತಿಗೆ ಬಂದರಾಯಿತು ಎಂದ. ಚುಚ್ಚುವುದಕ್ಕೆ ಹೇಳಿದನೋ, ನಿಜಕ್ಕೂ ಹಾಗೆಂದುಕೊಂಡೇ ಹೇಳಿದನೋ, ಅವಳಿಗೆ ತಿಳಿಯಲಿಲ್ಲ. ಕೇಳುವ ಹಕ್ಕು ತನಗಿದೆ ಎನ್ನಿಸಲಿಲ್ಲ.

ಬಸ್ಸು ಹತ್ತುವ ಮುಂಚೆ ಅವನು ಧನುಷ್‌ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಶಿವರಾಮು ತಾತ ತೀರಿಕೊಂಡರು, ಅದಕ್ಕೇ ಹೋಗುತ್ತಿದ್ದೇನೆ ಎಂದ.

“ಎಪ್ಪೋ?” ಎಂದು ಹುಡುಗ ಕೇಳಿದ. ಯಾವಾಗ?

ನಿನ್ನೆ ಬೆಳಗ್ಗೆ ಎಂದು ಪ್ರತಾಪ ಹೇಳಿದ. ಮಗನ ತಲೆ ಸವರಿ, ನಿದ್ದೆ ಹೋಗಿದ್ದ ಮೌನಳ ಕಾಲು ಮುಟ್ಟಿ, ಹೆಂಡತಿಯ ಕಡೆ ಒಂದು ಸಲ ತಲೆಯಾಡಿಸಿ ಹತ್ತಿಕೊಂಡ. ಬಸ್ಸು ನಿಲ್ದಾಣದ ತಿರುವಿನಲ್ಲಿ ಮರೆಯಾಗುವ ತನಕ ಅವರು ನಿಂತಿದ್ದರು.

ಬೃಂದಾ ಮಗಳನ್ನು ಹೆಗಲಿಗೆ ಹಾಕಿಕೊಂಡು ಆಟೋಗಳಿದ್ದ ಕಡೆ ನಡೆದಳು. ಧನುಷ್ ಪಕ್ಕದಲ್ಲಿ ಬಕೆಟ್ಟು ಹಿಡಿದು ಬರುತ್ತಿದ್ದ. ಏನನ್ನೋ ಜೋಡಿಸುತ್ತಿದ್ದಾನೆಂದು ಅವನ ನಡಿಗೆಯಿಂದಲೇ ಅವಳಿಗೆ ಗೊತ್ತಾಯಿತು. ಹಣ್ಣಿನ ಗಾಡಿಯೊಂದರ ಬಳಿ ಅವನು ನಿಂತ.

“ಅಮ್ಮಾ, ಉನಕ್ಕು ನೇತ್ತೇ ತೆರಿಯುಮಾ?”

ನಿನಗೆ ನಿನ್ನೆಯೇ ಗೊತ್ತಿತ್ತಾ? ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಬರುವುದರೊಳಗೆ ಹುಡುಗ ಮರೆತೂಬಿಡುತ್ತಿದ್ದ. ಬೃಂದಾ ಮಗಳನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

“ಗೊತ್ತಿತ್ತು ಕಂದ.”

“ಅಪ್ಪಾಟ್ಟ ಏನ್ ಸೊಲ್ಲಲೆ?”

ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂಬುದಕ್ಕೂ ಅವಳು ನಿಜವನ್ನೇ ಹೇಳಿದಳು. ಹೇಳಿದ್ದರೆ ನಾವು ಇಲ್ಲಿಗೆ ಬರುವುದು ಆಗುತ್ತಿರಲಿಲ್ಲ, ಮತ್ತೆ ಬೂಟು ಬಿಚ್ಚಿಡಬೇಕಾಗುತ್ತಿತ್ತು ಎಂದಳು. ಧನುಷ್ ಬಕೆಟ್ಟಿನ ತಳಕ್ಕೆ ಅಂಟಿದ್ದ ಮರಳನ್ನು ಬೆರಳಿನಿಂದ ಕೆರೆಯುತ್ತ ನಿಂತ. ಆಮೇಲೆ, ಅಪರೂಪಕ್ಕೆ, ಕನ್ನಡದಲ್ಲಿ ಕೇಳಿದ.

“ನನ್ನಿಂದಾನಾ?”

“ಅಲ್ಲ ಮರಿ. ನನ್ನಿಂದ. ನಾನು ಮಾಡಿದ್ದು.”

ಅವಳು ಈ ಎರಡು ದಿನಗಳಲ್ಲಿ ಆಡಿದ ಎಲ್ಲ ಮಾತುಗಳಲ್ಲಿ ಇಷ್ಟು ನಿಜವಾದದ್ದು ಇನ್ನೊಂದಿರಲಿಲ್ಲ. ಹುಡುಗ ಮುಖವೆತ್ತಿ ಅವಳನ್ನು ನೋಡಿದ. ಹಣ್ಣಿನ ಗಾಡಿಯ ದೀಪ ಅವನ ಕಣ್ಣಿಗೆ ಹೊಡೆಯುತ್ತಿತ್ತು. ದೊಡ್ಡವರು ಸಮಾಧಾನಕ್ಕೆ ಏನೋ ಹೇಳುತ್ತಾರೆ, ಕೇಳಿಸಿಕೊಳ್ಳಬೇಕು ಎನ್ನುವ ಹಾಗೆ ತಲೆಯಾಡಿಸಿದ. ನಂಬಲಿಲ್ಲ.

ಆಟೋದವನು ಎಲ್ಲಿಗೆ ಎಂದು ಕೇಳಿದ. ತ್ರಿಪ್ಲಿಕೇನ್ ಎಂದಳು ಬೃಂದಾ. ಮಗ ಮೊದಲು ಹತ್ತಿ, ಬಕೆಟ್ಟನ್ನು ಕಾಲ ಕೆಳಗಿಟ್ಟುಕೊಂಡು, ಆಚೆ ತುದಿಗೆ ಸರಿದು ಕೂತ.